ಮೀಸೆ ಬರದ ಕೆಮ್ಮೀಸೆ

ಕಳೆದ ಏಪ್ರಿಲ್‌ನಲ್ಲಿ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಮುಗಿಸಲೆಂದು ಸಾಗರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಬರೆದದ್ದು ಹನ್ನೊಂದು ಪುಟ, ತೆಗೆದ ಫೋಟೋ ನಾಲ್ಕು ನೂರಕ್ಕೂ ಮಿಕ್ಕಿ. ಹಿತ್ತಿಲಿನ ಪೇರಲೆ ಮರದ ಕವಲಿಗೆ ಅಮ್ಮ ಒಂದು ಅಡಿಕೆ ಹಾಳೆ ಕಟ್ಟಿದ್ದಾಳೆ. ಕಳಿತು ಕಪ್ಪಾದ ಬಾಳೆಹಣ್ಣು, ಪಪ್ಪಾಯಿಯ ತುದಿ, ಮಿಕ್ಕ ಅನ್ನ ಎಲ್ಲ ಅದರೊಳಗೆ ಬೀಳುತ್ತವೆ. ಕೆಳಗೆ ಕಲ್ಲಿನ ಮೇಲೆ ನೀರಿನ ಬೋಗುಣಿ. ಅಮೆರಿಕ, ಇಂಗ್ಲೆಂಡುಗಳಲ್ಲಿ ಫೀಡರ್ ಎಂದು ಅಂಗಡಿಯಿಂದ ಕೊಂಡು ತಂದು ತೂಗುಹಾಕುವ ವಸ್ತು ನಮ್ಮಲ್ಲಿ ಹೀಗೆ ಪುಕ್ಕಟೆಯಾಗಿ ತೋಟದಿಂದ ಬಂದಿರುತ್ತದೆ.

ಹಾಳೆಗೆ ದಿನವೂ ಬರುವ ಗಿರಾಕಿಗಳೆಂದರೆ ಪಿಕಳಾರಗಳು. ತಲೆಯ ಮೇಲೆ ಚೂಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಬೊಟ್ಟು, ಅದರ ಕೆಳಗೆ ಬಿಳಿಯ ಕೆನ್ನೆ, ಬಾಲದ ಬುಡದಲ್ಲಿ ಮತ್ತೆ ಕೆಂಪು. ಆ ಕೆಂಪು ಬೊಟ್ಟಿನಿಂದಲೇ ಪುಸ್ತಕಗಳಲ್ಲಿ ಇದಕ್ಕೆ ಕೆಮ್ಮೀಸೆ ಪಿಕಳಾರ ಎಂಬ ಹೆಸರು. ಒಂದು ಮಧ್ಯಾಹ್ನ ಹಾಳೆಯ ಅಂಚಿನಲ್ಲಿ ಕೂತ ಹಕ್ಕಿಗೆ ಜುಟ್ಟಿತ್ತು, ಬಿಳಿಯ ಕೆನ್ನೆಯಿತ್ತು, ಕೆಂಪು ಮಾತ್ರ ಇರಲಿಲ್ಲ. ಬಾಲದ ಬುಡ ಕೂಡ ಕೆಂಪಲ್ಲ, ಮಾಸಲು ಕಿತ್ತಳೆ. ಹತ್ತಾರು ಚಿತ್ರ ತೆಗೆದು, ಚೆನ್ನಾಗಿ ಬಂದದ್ದನ್ನು ಹಕ್ಕಿಯಷ್ಟೇ ಉಳಿಯುವಂತೆ ಕ್ರಾಪ್ ಮಾಡಿ, ಪುಸ್ತಕ ಬಿಡಿಸಿ ಕೂತೆ. ಬಿಳಿಯ ಕೆನ್ನೆ, ಎದ್ದ ಜುಟ್ಟು, ಹಳದಿಗೆ ತಿರುಗಿದ ಬಾಲದ ಬುಡ: ಒಂದೊಂದೇ ಗುರುತು ಸೇರಿಸುತ್ತ ಹೋದಂತೆ ನಾನು ಬಂದು ನಿಂತದ್ದು ಹಿಮಾಲಯದ ಪಿಕಳಾರದ ಚಿತ್ರದ ಮುಂದೆ. ಹಿಮಾಲಯದ ಹಕ್ಕಿ ಸಾಗರದ ಪೇರಲೆ ಮರಕ್ಕೆ! ಎದೆ ಬಡಿದುಕೊಂಡಿತು. ಹಕ್ಕಿ ನೋಡುವ ಗೆಳತಿಗೆ ಕಳಿಸಲೆಂದು ಚಿತ್ರವನ್ನು ಮತ್ತಷ್ಟು ಹೊಳಪು ಮಾಡುತ್ತಿದ್ದಾಗ ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಪಿಕಳಾರದ ಮರಿ ಅಲ್ದಾ ಇದು?"

"ಕೆಂಪೇ ಇಲ್ಲ ಅಮ್ಮಾ."

"ಮರಿಗೆ ಎಲ್ಲಿಂದ ಬರ್ತದೆ ಮಾರಾಯ್ತಿ, ಅದಕ್ಕಿನ್ನೂ ದಿನ ಬೇಕು. ಪಕ್ಕದಲ್ಲಿ ಅದರ ಅಮ್ಮ ಕೂತಿತ್ತಲ್ಲ, ಇದು ಬಾಯಿ ಬಿಟ್ಟುಕೊಂಡು ಅದರ ಹಿಂದೇ ಹೋಗ್ತಿತ್ತಲ್ಲ, ನೀ ನೋಡ್ಲಿಲ್ವಾ?"

ನೋಡಿದ್ದೆ. ಕ್ರಾಪ್ ಮಾಡಿ ತೆಗೆದದ್ದು ಅದನ್ನೇ. ಮೂಲ ಚಿತ್ರ ತೆರೆದರೆ ಎಡಗಡೆಯ ಕೊಂಬೆಯಲ್ಲಿ, ತುಸು ಮಸುಕಾಗಿ, ಕೆಂಪು ಬೊಟ್ಟಿನ ದೊಡ್ಡ ಹಕ್ಕಿ ಕೊಕ್ಕಿನಲ್ಲಿ ಬಾಳೆಹಣ್ಣಿನ ಚೂರು ಹಿಡಿದು ಕೂತಿದೆ. ನನ್ನ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಫೋಕಸ್ ಆಗಿಲ್ಲವೆಂದು ನಾನೇ ಅದನ್ನು ಕತ್ತರಿಸಿ ಎಸೆದಿದ್ದೆ.

ಇದನ್ನು ಇಲ್ಲಿ ಹೇಳುತ್ತಿರುವುದಕ್ಕೆ ಕಾರಣ ಮುಗಿಯದೆ ಉಳಿದ ಆ ಮೂರನೆಯ ಅಧ್ಯಾಯ. ಅದರಲ್ಲೂ ನಾನು ಇದೇ ಕೆಲಸ ಮಾಡಿಟ್ಟಿದ್ದೆ ಎಂಬುದು ಹೊಳೆಯಲು ಆಮೇಲೆ ಒಂದು ವಾರ ಹಿಡಿಯಿತು.

*

ಗುರುತುಗಳಿಂದ ಹಕ್ಕಿಯನ್ನು ಓದುವ ವಿಧಾನಕ್ಕೆ ಒಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞರಿಗೆ ಗುರುತಿಸುವುದೆಂದರೆ ಬಹುಮಟ್ಟಿಗೆ ಹೊಡೆದು ಕೈಯಲ್ಲಿ ಹಿಡಿದು ನೋಡುವುದು. ನಮ್ಮ ಸಲೀಂ ಅಲಿಯವರ ಕಥೆಯೂ ಶುರುವಾಗುವುದು ಬಂದೂಕಿನಿಂದಲೇ. ಹುಡುಗನಾಗಿದ್ದಾಗ ಆಟದ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಗಂಟಲಲ್ಲಿ ಬೇರೆ ಗುಬ್ಬಿಗಳಿಗಿಲ್ಲದ ಹಳದಿ ಮಚ್ಚೆಯಿತ್ತು. ಅದೇನೆಂದು ತಿಳಿಯಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದರು. ಒಂದು ದೊಡ್ಡ ಬದುಕು ಆರಂಭವಾದದ್ದು ತಾನು ಕಂಡ ಗುಬ್ಬಿಗಳ ಸಾಲಿಗೆ ಸೇರದ ಒಂದು ಗುಬ್ಬಿಯಿಂದ ಎಂಬುದನ್ನು ಗಮನಿಸಬೇಕು.

ಬಂದೂಕಿನ ಜಾಗಕ್ಕೆ ದುರ್ಬೀನು ಬರುವಂತೆ ಮಾಡಿದವರಲ್ಲಿ ಮುಖ್ಯನಾದವನು ಅಮೆರಿಕದ ರೋಜರ್ ಟೋರಿ ಪೀಟರ್ಸನ್. 1934ರಲ್ಲಿ ಬಂದ ಅವನ ಹಕ್ಕಿಗಳ ಕೈಪಿಡಿ ಹಕ್ಕಿಯ ಮೈಯ ಪ್ರತಿ ಗರಿಯನ್ನೂ ವರ್ಣಿಸಲು ಹೋಗಲಿಲ್ಲ. ಹೋಲುವ ಹಕ್ಕಿಗಳನ್ನು ಒಂದೇ ಪುಟದಲ್ಲಿ ಒಂದೇ ಭಂಗಿಯಲ್ಲಿ ನಿಲ್ಲಿಸಿ, ಒಂದನ್ನು ಮತ್ತೊಂದರಿಂದ ಬೇರೆ ಮಾಡುವ ಜಾಗಕ್ಕೆ ಮಾತ್ರ ಪುಟ್ಟ ಗೆರೆ ಎಳೆದು ತೋರಿಸಿತು. ಈ ಹೊಳಹಿಗೆ ಪೀಟರ್ಸನ್ ಋಣ ಹೇಳಿದ್ದು ಒಂದು ಕಥೆಗೆ. ಅರ್ನೆಸ್ಟ್ ಥಾಂಪ್ಸನ್ ಸೀಟನ್ ಮಕ್ಕಳಿಗಾಗಿ ಬರೆದ 1903ರ ಪುಸ್ತಕದಲ್ಲಿ ಒಬ್ಬ ಹುಡುಗ ದೂರದ ಬಾತುಗಳನ್ನು ಗುರುತಿಸಲಾರದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಬಾತುಗಳ ಮೈಮೇಲಿನ ಪಟ್ಟೆ ಮಚ್ಚೆಗಳನ್ನು ಬರೆದುಕೊಂಡು ದಾರಿ ಕಂಡುಕೊಳ್ಳುತ್ತಾನೆ. ಹಕ್ಕಿ ನೋಡುವವರ ಕೈಗೆ ಬಂದ ಅತ್ಯಂತ ಉಪಯುಕ್ತ ಸಲಕರಣೆಯೊಂದು ಕಾಲ್ಪನಿಕ ಹುಡುಗನೊಬ್ಬನ ನೋಟ್‌ಬುಕ್ಕಿನಿಂದ ಬಂತು! ಸಾಹಿತ್ಯದ ವಿದ್ಯಾರ್ಥಿಗಳು ಸ್ವಲ್ಪ ಬೀಗಬಹುದಾದ ಸಂಗತಿಯಿದು.

ಗುರುತಿನ ವಿಧಾನಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಹಕ್ಕಿಗಳ ಜೀವ ಉಳಿಸಿದ ವಿಧಾನ ಅದು. ಆದರೆ ಗುರುತು ಕೆಲಸ ಮಾಡುವುದು ಹಕ್ಕಿ ಬೆಳೆದು, ಋತುವಿಗೆ ಬಂದು, ಬಣ್ಣ ತುಂಬಿಕೊಂಡಾಗ. ಕೆಮ್ಮೀಸೆಯ ಮರಿಗೆ ಕೆಮ್ಮೀಸೆ ಇರುವುದಿಲ್ಲ. ಗಂಡು ಗೀಜಗ ಗೂಡು ಕಟ್ಟುವ ಕಾಲ ಮುಗಿದ ಮೇಲೆ ಹಳದಿ ಕಳಚಿಕೊಂಡು ಹೆಣ್ಣಿನ ಹಾಗೇ ಕಂದಾಗುತ್ತದೆ. ಹೆಸರಿಟ್ಟವರೂ ಎಡವಿದ್ದಾರೆ. ಲಿನೇಯಸ್ 1758ರಲ್ಲಿ ಕೆಮ್ಮೀಸೆ ಪಿಕಳಾರವನ್ನು ವರ್ಣಿಸಿದಾಗ ಅದನ್ನು ಸೇರಿಸಿದ್ದು ಕಳಿಂಗ ಹಕ್ಕಿಗಳ ಕುಲಕ್ಕೆ. ಬೇರೆ ಕುಲಕ್ಕೆ ಅದು ಹೋದದ್ದು ಆಮೇಲೆ. ನಮ್ಮ ಮತ್ತೊಂದು ಪಿಕಳಾರಕ್ಕೆ, ಕರಿಯ ತಲೆಯದಕ್ಕೆ, ಆತ 1766ರಲ್ಲಿ ಆಫ್ರಿಕದ ದಕ್ಷಿಣ ತುದಿಯದು ಎಂಬರ್ಥದ ಹೆಸರು ಕೊಟ್ಟ. ಅದು ಅಲ್ಲಿನ ಹಕ್ಕಿಯೇ ಅಲ್ಲ. ಇನ್ನೂರೈವತ್ತು ವರ್ಷಗಳ ಮೇಲೂ ಅದರ ಶಾಸ್ತ್ರೀಯ ಹೆಸರಿನಲ್ಲಿ ಆ ತಪ್ಪು ವಿಳಾಸ ಹಾಗೇ ಕೂತಿದೆ.

*

ಈಗ ನನ್ನ ಅಧ್ಯಾಯಕ್ಕೆ ಬರುತ್ತೇನೆ. ನಾನು ಕೆಲಸ ಮಾಡುತ್ತಿರುವುದು 1950ರಿಂದ 1980ರ ತನಕದ ಕನ್ನಡ ಸಣ್ಣಕತೆಯ ಮೇಲೆ. ಹಳೆಯ ಮಾಸಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿ ಒಂದು ದೊಡ್ಡ ಕೋಷ್ಟಕ ಮಾಡಿಕೊಂಡಿದ್ದೇನೆ. ಕತೆ, ವರ್ಷ, ಪತ್ರಿಕೆ, ಕೊನೆಯ ಕಾಲಮ್ಮಿನಲ್ಲಿ ಪಂಥ: ಪ್ರಗತಿಶೀಲ, ನವ್ಯ, ಬಂಡಾಯ. ಆ ಕೊನೆಯ ಕಾಲಮ್ಮು ತುಂಬುವುದು ಹೇಗೆಂದು ನಮಗೆ ಎಂ.ಎ. ತರಗತಿಯಲ್ಲೇ ಕಲಿಸಿರುತ್ತಾರೆ. ಒಂಟಿ ಯುವಕ, ಒಳಮಾತು, ಅಪರಿಚಿತ ಪಟ್ಟಣದ ರೂಮು ಇದ್ದರೆ ನವ್ಯ. ಜೀತ, ಜಾತಿ, ಸಿಟ್ಟು ಇದ್ದರೆ ಬಂಡಾಯ. ನಾವು ಅದನ್ನು ಲಕ್ಷಣ ಎನ್ನುತ್ತೇವೆ. ಪೀಟರ್ಸನ್ನನ ಗೆರೆಗೂ ಇದಕ್ಕೂ ಅಂಥ ವ್ಯತ್ಯಾಸವಿಲ್ಲ.

ಈ ಕೋಷ್ಟಕದಲ್ಲಿ ಒಬ್ಬ ಕತೆಗಾರ್ತಿಯ ಏಳು ಕತೆಗಳಿಗೆ ಕೊನೆಯ ಕಾಲಮ್ಮು ಖಾಲಿ ಉಳಿದಿತ್ತು. ಸಂಕಲನ ತಂದವರಲ್ಲ. ನನ್ನ ಕೆಲಸ ಮುಗಿಯದ ಕಾರಣ ಇಲ್ಲಿ ಹೆಸರು ಹೇಳುವುದಿಲ್ಲ. ಒಂದು ಕತೆಯಲ್ಲಿ ಊಟದ ಮೆಸ್ಸು ನಡೆಸುವ ವಿಧವೆಯೊಬ್ಬಳು ರಾತ್ರಿ ಲೋಟಗಳನ್ನು ಎಣಿಸುತ್ತಾಳೆ. ಒಂದು ಕಡಿಮೆ ಬರುತ್ತದೆ, ಮತ್ತೆ ಎಣಿಸುತ್ತಾಳೆ. ಅಷ್ಟೇ ಕತೆ. ಅಲ್ಲಿ ಒಂಟಿತನವಿದೆ, ಆದರೆ ಅವಳು ತನ್ನೊಳಗೆ ಮಾತಾಡಿಕೊಳ್ಳುವುದಿಲ್ಲ. ಅನ್ಯಾಯವಿದೆ, ಸಿಟ್ಟು ಕಾಣುವುದಿಲ್ಲ. ಬಹಳ ದಿನ ನೋಡಿ ಕೊನೆಗೆ ಏಳೂ ಸಾಲುಗಳನ್ನು ಅಳಿಸಿದೆ. 'ಪ್ರಾತಿನಿಧಿಕವಲ್ಲ' ಎಂದು ಅಡಿಟಿಪ್ಪಣಿಯೊಂದನ್ನು ಹಾಕಿದೆ. ಹಿಮಾಲಯದ ಹಕ್ಕಿಯಾದರೂ ಒಂದು ರೋಮಾಂಚನ ಕೊಟ್ಟಿತ್ತು. ಇವರಿಗೆ ನಾನು ತಪ್ಪು ಹೆಸರನ್ನು ಕೂಡ ಕೊಟ್ಟಿರಲಿಲ್ಲ.

ಊರಿನಿಂದ ಬಂದ ಮೇಲೆ ಆ ಮಾಸಪತ್ರಿಕೆಯ ಕಟ್ಟನ್ನು ಮತ್ತೆ ತೆಗೆಸಿ, ಕತೆಯನ್ನಷ್ಟೇ ಅಲ್ಲದೆ ಇಡೀ ಸಂಚಿಕೆಯನ್ನು ಓದಿದೆ. ಮೊದಲ ಸಲ ಕತೆಯ ಪುಟಗಳನ್ನು ಮಾತ್ರ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದೆ, ಅದೂ ಒಂದು ಕ್ರಾಪೇ. ಅದೇ ಸಂಚಿಕೆಯಲ್ಲಿ ಅಡುಗೆ ಅಂಕಣವಿತ್ತು, ಮನೆಖರ್ಚಿನ ಲೆಕ್ಕ ಹೇಗಿಡಬೇಕು ಎಂಬ ಲೇಖನವಿತ್ತು, ಓದುಗ ಹೆಂಗಸರ ಪತ್ರಗಳಿದ್ದವು. ಲೋಟ ಎಣಿಸುವವಳ ಗದ್ಯ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಆ ಲೆಕ್ಕದ ಧಾಟಿಯನ್ನೇ ಎತ್ತಿಕೊಂಡು ಲೆಕ್ಕ ತಪ್ಪುವ ಒಂದು ರಾತ್ರಿಯ ಕತೆ ಬರೆದಿದ್ದರು. ಪಕ್ಕದ ಕೊಂಬೆಯಲ್ಲಿ ಮಸುಕಾಗಿ ಕೂತದ್ದು ಇಲ್ಲಿಯೂ ಉತ್ತರ ಹಿಡಿದುಕೊಂಡಿತ್ತು.

*

ಹಕ್ಕಿ, ಕ್ಯಾಮೆರಾ, ಸಾಹಿತ್ಯ ಮೂರನ್ನೂ ಒಟ್ಟಿಗೆ ಹೇಳಿದರೆ ಕನ್ನಡದ ಓದುಗರಿಗೆ ನೆನಪಾಗುವುದು ತೇಜಸ್ವಿ. ಮೂಡಿಗೆರೆಯ ತೋಟದಲ್ಲಿದ್ದು ವರ್ಷಗಟ್ಟಲೆ ಹಕ್ಕಿಗಳ ಫೋಟೋ ತೆಗೆದವರು, ಅವುಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನು ಬರೆದವರು. ಆದರೆ ಗುರುತಿಸುವುದೆಂದರೇನು ಎಂಬ ಪ್ರಶ್ನೆಗೆ ಅವರ ಆಳವಾದ ಉತ್ತರ ಇರುವುದು ಹಕ್ಕಿಯ ಪುಸ್ತಕದಲ್ಲಲ್ಲ, 1980ರ 'ಕರ್ವಾಲೊ' ಕಾದಂಬರಿಯಲ್ಲಿ ಎಂದು ನನಗೆ ಈಗ ಅನಿಸುತ್ತದೆ.

'ಕರ್ವಾಲೊ'ವನ್ನು ನಾವು ಹಾರುವ ಓತಿಯ ಹುಡುಕಾಟದ ಕಾದಂಬರಿ ಎಂದು ಓದುತ್ತೇವೆ. ವಿಜ್ಞಾನಿ, ನಿರೂಪಕ, ಕ್ಯಾಮೆರಾ ಹೊತ್ತ ಪ್ರಭಾಕರ, ಉಳಿದವರೆಲ್ಲ ಕಾಡಿಗೆ ಹೋಗುತ್ತಾರೆ. ಓತಿ ಕಣ್ಣಿಗೆ ಬೀಳುತ್ತದೆ. ಕೊನೆಗೆ ಕಣಿವೆಯ ಆಳಕ್ಕೆ ತೇಲಿ ಹೋಗುತ್ತದೆ. ಪ್ರಕೃತಿಯ ನಿಗೂಢದ ಮುಂದೆ ಮನುಷ್ಯ ಸಣ್ಣವನು ಎಂಬ ಪಾಠವನ್ನು ಈ ಕೊನೆಯಿಂದ ತೆಗೆಯುವುದು ರೂಢಿ. ನನಗೆ ಈ ಓದು ಅರ್ಧ ಎನಿಸುತ್ತದೆ. ಕಾದಂಬರಿಯಲ್ಲಿ ಇನ್ನೊಂದು ಗುರುತಿಸುವಿಕೆ ಇದೆ ಮತ್ತು ಅದು ಸೋಲುವುದಿಲ್ಲ. ಅದು ಮಂದಣ್ಣನದು. ಊರಿನ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ನಿರೂಪಕನ ಮೊದಲ ನೋಟವೂ ಅದಕ್ಕಿಂತ ಬಹಳ ದೂರವಿಲ್ಲ. ಓದು, ಉದ್ಯೋಗ, ಗಾಂಭೀರ್ಯ ಇಂಥ ಯಾವ ಗುರುತೂ ಅವನಲ್ಲಿಲ್ಲ. ಅವನೊಳಗೆ ಒಬ್ಬ ಹುಟ್ಟಾ ನಿಸರ್ಗವಿಜ್ಞಾನಿ ಇದ್ದಾನೆಂದು ಕಾಣುವುದು ಕರ್ವಾಲೊ ಒಬ್ಬರಿಗೇ.

ಅವರಿಗೆ ಹೇಗೆ ಕಂಡಿತು? ಅವನ ಜೊತೆ ಇದ್ದುದರಿಂದ. ಅವನು ಏನನ್ನು ನೋಡುತ್ತಾನೆ, ನೋಡಿದ್ದನ್ನು ಹೇಗೆ ಹೇಳುತ್ತಾನೆ ಎಂಬುದಕ್ಕೆ ಕಿವಿಗೊಟ್ಟಿದ್ದರಿಂದ. ಮಂದಣ್ಣನಿಗೋ ಮದುವೆಯ ಚಿಂತೆ. ವಿಜ್ಞಾನಿ ಕೊಡುವ ಹೆಸರಿನಿಂದ ಅವನ ಬದುಕು ಪೂರ್ತಿ ಮುಗಿದುಹೋಗುವುದಿಲ್ಲ, ಆ ಹೆಸರಿನ ಹೊರಗೂ ಅವನು ಓಡಾಡಿಕೊಂಡಿರುತ್ತಾನೆ. ಓತಿ ಕೈತಪ್ಪುತ್ತದೆ, ಮಂದಣ್ಣ ಸಿಗುತ್ತಾನೆ. ತೇಜಸ್ವಿ ಈ ಎರಡನ್ನೂ ಒಂದೇ ಕಾದಂಬರಿಯಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ. ಒಂದನ್ನು ಬೆನ್ನಟ್ಟಿ ಹಿಡಿಯಲು ಹೊರಟದ್ದು, ಮತ್ತೊಂದನ್ನು ಜೊತೆಯಲ್ಲಿದ್ದು ತಿಳಿದದ್ದು. ನಮ್ಮ ವಿಮರ್ಶೆ ಓತಿಯ ಕಡೆಗೇ ಕಣ್ಣು ನೆಟ್ಟು ಮಂದಣ್ಣನನ್ನು ಫ್ರೇಮಿನ ಹೊರಗೆ ಬಿಟ್ಟಿದೆ.

ಇದನ್ನು ಬರೆದವರೂ ಒಮ್ಮೆ ಬಣ್ಣ ಕಳಚಿದವರೇ. 'ಸ್ವರೂಪ' ಬರೆದ ತೇಜಸ್ವಿಗೆ ನವ್ಯದ ಎಲ್ಲ ಗುರುತುಗಳೂ ಇದ್ದವು. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ಆ ದಾರಿಯಿಂದ ಹೊರಬರುತ್ತಿರುವುದನ್ನು ತಾವೇ ಹೇಳಿದರು. ನನ್ನ ಕೋಷ್ಟಕದ ಕೊನೆಯ ಕಾಲಮ್ಮಿನಲ್ಲಿ ಅವರ ಹೆಸರಿನ ಮುಂದೆ ಒಂದೇ ಪದಕ್ಕೆ ಜಾಗವಿದೆ.

*

ಇಷ್ಟು ಹೇಳಿದ ಮೇಲೆ ಅಮ್ಮನೇ ಸರಿ, ಪುಸ್ತಕ ಕ್ಯಾಮೆರಾಗಳು ತಪ್ಪು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನಾನು ಅದನ್ನು ನಂಬುವುದಿಲ್ಲ. ನಮ್ಮ ಜಗಲಿಯ ತೊಲೆಗೆ ಭತ್ತದ ತೆನೆಗಳ ತೋರಣ ಕಟ್ಟಿರುತ್ತದೆ. ಅದಕ್ಕೆ ಬಂದು ಜೋತುಬೀಳುವ ಕಂದು ಹಕ್ಕಿಗಳನ್ನು ಅಮ್ಮ ವರ್ಷಗಳಿಂದ ಗುಬ್ಬಿ ಎಂದೇ ಕರೆಯುತ್ತಾಳೆ. ನಾನೂ ಕರೆಯುತ್ತಿದ್ದೆ. ಡಿಸೆಂಬರಿನಲ್ಲಿ ತೆಗೆದ ಚಿತ್ರವೊಂದನ್ನು ಝೂಮ್ ಮಾಡಿದಾಗ ಕೆಲವದರ ನೆತ್ತಿಯ ಮೇಲೆ ಕಪ್ಪು ಗೀರುಗಳು ಕಂಡವು. ಹೆಣ್ಣು ಗುಬ್ಬಿಯ ನೆತ್ತಿ ಗೀರಿಲ್ಲದೆ ಬರೇ ಕಂದು. ಇವುಗಳ ಕೊಕ್ಕು ದಪ್ಪ, ಬಾಲ ಮೋಟು. ಅವು ಗೀಜಗಗಳು, ಹಳದಿ ಕಳಚಿದ ಕಾಲದಲ್ಲಿ. ಜೋಳಿಗೆಯಂಥ ಗೂಡು ಕಟ್ಟುವ ಕುಶಲಕರ್ಮಿಯನ್ನು ಅಮ್ಮನಿಗೆ ಗದ್ದೆಯಂಚಿನಲ್ಲಿ ಚೆನ್ನಾಗಿ ಗೊತ್ತಿತ್ತು. ಅದೇ ಹಕ್ಕಿ ಜಗಲಿಗೆ ಬಂದಾಗ ಇಬ್ಬರಿಗೂ ಗೊತ್ತಾಗಿರಲಿಲ್ಲ. ಚಿತ್ರ ತೋರಿಸಿದಾಗ ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಇಷ್ಟು ವರ್ಷ ಊಟ ಹಾಕಿದ್ದು ಯಾರಿಗೆ ಅಂತಾನೇ ತಿಳ್ಕೊಳ್ಲಿಲ್ಲ ನೋಡು" ಎಂದಳು.

ಫೋಟೋದ ನಿಜವಾದ ಉಪಕಾರ ಅದು. ಹಕ್ಕಿ ಹಾರಿಹೋದ ಮೇಲೂ ನಮ್ಮ ತಪ್ಪನ್ನು ಕಾದಿಟ್ಟಿರುತ್ತದೆ. ಆದರೆ ಚೆಂದದ ಫೋಟೋ ತೆಗೆಯುವ ಹಂಬಲ ಇದಕ್ಕೆ ಅಡ್ಡ ಬರುತ್ತದೆ. ಫೀಡರಿನ ಬಳಿ ಚಿತ್ರ ತೆಗೆಯುವವರ ಮಾಮೂಲಿ ಉಪಾಯವೊಂದಿದೆ: ಕಾಳಿನ ತಟ್ಟೆಯ ಪಕ್ಕಕ್ಕೆ ಪಾಚಿ ಹಿಡಿದ ಒಂದು ಕೊಂಬೆ ನೆಡುವುದು. ಹಕ್ಕಿ ತಟ್ಟೆಗೆ ಇಳಿಯುವ ಮುನ್ನ ಅಲ್ಲಿ ಕೂರುತ್ತದೆ. ಚಿತ್ರದಲ್ಲಿ ಕೊಂಬೆ ಬರುತ್ತದೆ, ತಟ್ಟೆ ಬರುವುದಿಲ್ಲ. ನೋಡುವವರಿಗೆ ಅದು ದಟ್ಟ ಕಾಡು. ನಾನೂ ಹಾಳೆಯ ಮುಂದೆ ಕಾಫಿ ಗಿಡದ ಒಣ ಕೊಂಬೆ ಸಿಕ್ಕಿಸಿದ್ದೆ. ಹಕ್ಕಿ ನಮ್ಮ ಬಾಳೆಹಣ್ಣಿಗೆ ಬಂದದ್ದು ಎಂಬ ಸಂಗತಿಯನ್ನು ಮುಚ್ಚಿಡಲು ಯಾಕೆ ಅಷ್ಟು ಆತುರವೋ.

ಹಾಳೆಗೆ ಬರುವುದೇ ಹಿತ್ತಿಲಿನ ಹಕ್ಕಿಗಳ ಪಟ್ಟಿ ಎಂದುಕೊಂಡರೆ ಇನ್ನೂ ದೊಡ್ಡ ತಪ್ಪು. ಬಾಳೆಹಣ್ಣಿಟ್ಟರೆ ಹಣ್ಣು ತಿನ್ನುವವು ಬರುತ್ತವೆ, ಭತ್ತ ಕಟ್ಟಿದರೆ ಕಾಳು ತಿನ್ನುವವು. ಹಾರುವ ಹುಳ ಹಿಡಿಯುವ ಕಾಜಾಣ ತಂತಿಯ ಮೇಲೆ ಕೂತು ಎರಡನ್ನೂ ತಿರುಗಿ ನೋಡುವುದಿಲ್ಲ. ಪಠ್ಯಪುಸ್ತಕ, ಪ್ರಾತಿನಿಧಿಕ ಸಂಕಲನ, ನನ್ನ ಕೋಷ್ಟಕ ಎಲ್ಲವೂ ಇಂಥ ಹಾಳೆಗಳೇ. ಏನಿಟ್ಟಿದ್ದೇವೆ ಎಂಬುದನ್ನು ಹೇಳದೆ ಏನು ಬಂತು ಎಂಬುದನ್ನಷ್ಟೇ ಹೇಳುತ್ತೇವೆ.

ಈ ವಿಷಯದಲ್ಲಿ ಹಕ್ಕಿ ಎಣಿಸುವವರು ನಮಗಿಂತ ಪ್ರಾಮಾಣಿಕರು. ಅಮೆರಿಕ ಮತ್ತು ಕೆನಡಾಗಳಲ್ಲಿ 1987ರಿಂದ ನಡೆಯುತ್ತಿರುವ ಪ್ರಾಜೆಕ್ಟ್ ಫೀಡರ್‌ವಾಚ್‌ನಲ್ಲಿ ಸಾಮಾನ್ಯ ಜನ ಚಳಿಗಾಲದುದ್ದಕ್ಕೂ ತಮ್ಮ ಫೀಡರಿಗೆ ಬರುವ ಹಕ್ಕಿಗಳನ್ನು ಎಣಿಸಿ ಕಳಿಸುತ್ತಾರೆ. ಅದರಲ್ಲೊಂದು ನಿಯಮವಿದೆ. ಒಂದು ಜಾತಿಯ ಹಕ್ಕಿ ದಿನದಲ್ಲಿ ಎಷ್ಟು ಸಲ ಬಂತೆಂದು ಕೂಡಿಸುವಂತಿಲ್ಲ. ಒಂದೇ ಹೊತ್ತಿನಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಬೇಕು, ಯಾಕೆಂದರೆ ಇಪ್ಪತ್ತು ಸಲ ಬಂದದ್ದು ಒಂದೇ ಹಕ್ಕಿ ಇರಬಹುದು. ಒಬ್ಬರು ಹೇಳಿದ ಮಾತನ್ನೇ ಇಪ್ಪತ್ತು ಪ್ರಬಂಧಗಳಲ್ಲಿ ಉಲ್ಲೇಖಿಸಿ ಅದನ್ನು ಇಪ್ಪತ್ತು ಪುರಾವೆ ಎಂದುಕೊಳ್ಳುವ ನಮ್ಮ ಸಂಶೋಧನೆಗೆ ಈ ನಿಯಮ ಬಂದರೆ ಎಷ್ಟು ಉಳಿದೀತು?

*

ಪೀಟರ್ಸನ್ನನ ಕೈಪಿಡಿಯ ಬಗ್ಗೆ ಒಂದು ಮಾತು ಉಳಿಸಿಕೊಂಡಿದ್ದೆ. ಅಮೆರಿಕದ ವಾರ್ಬ್ಲರ್ ಎಂಬ ಸಣ್ಣ ಹಕ್ಕಿಗಳು ವಸಂತದಲ್ಲಿ ಒಂದೊಂದೂ ಒಂದೊಂದು ಬಣ್ಣ. ಶರತ್ಕಾಲ ಬಂತೆಂದರೆ ಮರಿಗಳು, ಗರಿ ಬದಲಿಸಿದ ದೊಡ್ಡವು, ಎಷ್ಟೋ ಜಾತಿಯವು ಒಂದೇ ತರದ ಮಾಸಲು ಹಸಿರಾಗಿಬಿಡುತ್ತವೆ. ಅವುಗಳಿಗಾಗಿ ಆತ ಪ್ರತ್ಯೇಕ ಪುಟಗಳನ್ನೇ ಮಾಡಿದ. ಅವಕ್ಕಿಟ್ಟ ತಲೆಬರಹದ ಅರ್ಥ 'ಗೊಂದಲ ಹುಟ್ಟಿಸುವ ಶರತ್ಕಾಲದ ವಾರ್ಬ್ಲರ್‌ಗಳು'. ಗುರುತುಗಳ ವಿಧಾನವನ್ನು ಕಟ್ಟಿದವನೇ ತನ್ನ ಗೆರೆಗಳು ತೊದಲುವ ಜಾಗ ಇದೆಂದು ಪುಸ್ತಕದ ಒಳಗೇ ಬರೆದಿಟ್ಟ. ಅಲ್ಲಿ ಹೆಚ್ಚು ಹೊತ್ತು ನಿಂತು ನೋಡಿ ಎಂಬುದು ಅದರ ಅರ್ಥ.

ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಇಂಥ ಪುಟವಿಲ್ಲ. ಲಕ್ಷಣ ಸಿಗದವರು ಅಡಿಟಿಪ್ಪಣಿಗೆ ಹೋಗುತ್ತಾರೆ, ಅಲ್ಲಿಂದ ಹೊರಗೆ ಹೋಗುತ್ತಾರೆ. ಹಾಗೆ ಹೋದವರಲ್ಲಿ ಹೆಂಗಸರು ಎಷ್ಟು ಎಂದು ಎಣಿಸುವ ಕೆಲಸವನ್ನು ಈಗ ಶುರುಮಾಡಿದ್ದೇನೆ, ಒಬ್ಬರನ್ನು ಎರಡು ಸಲ ಎಣಿಸದ ಹಾಗೆ.

ಮೂರನೆಯ ಅಧ್ಯಾಯವನ್ನು ಮತ್ತೆ ಬರೆದು ಮಾರ್ಗದರ್ಶಕರಿಗೆ ಕೊಟ್ಟಿದ್ದೇನೆ. ಏಳು ಕತೆಗಳೂ ವಾಪಸು ಬಂದಿವೆ, ಕೊನೆಯ ಕಾಲಮ್ಮು ಖಾಲಿಯಿಟ್ಟುಕೊಂಡೇ. ಅವುಗಳ ಜೊತೆ ಬೇರೆ ಹನ್ನೆರಡು ಕತೆಗಳೂ ಸೇರಿ ಒಂದು ಪ್ರತ್ಯೇಕ ಭಾಗವಾಗಿದೆ. ಓದಿದ ಮೇಷ್ಟ್ರು, "ಚೆನ್ನಾಗಿದೆ ಕಣಮ್ಮಾ, ಆದ್ರೆ ಪರೀಕ್ಷಕರು ಇವೆಲ್ಲ ಯಾವ ಪಂಥ ಅಂತ ಕೇಳಿದ್ರೆ ಏನು ಹೇಳ್ತೀಯ?" ಎಂದರು. ಪ್ರಬಂಧ ಒಪ್ಪಿಸುವ ಅವಧಿ ಮುಗಿಯಲು ಐದು ತಿಂಗಳಿದೆ. ಅವರಿಗೆ ಕೊಡಬೇಕಾದ ಉತ್ತರ ನನ್ನ ಬಳಿ ಇನ್ನೂ ಪೂರ್ತಿ ತಯಾರಿಲ್ಲ. ಸದ್ಯಕ್ಕೆ ಆ ಭಾಗದ ಮೊದಲಿಗೆ ಒಂದು ಫೋಟೋ ಹಾಕಿದ್ದೇನೆ, ಕ್ರಾಪ್ ಮಾಡದ್ದು. ಅದರಲ್ಲಿ ಅಡಿಕೆ ಹಾಳೆ ಕಾಣುತ್ತದೆ, ಕಪ್ಪಾದ ಬಾಳೆಹಣ್ಣು ಕಾಣುತ್ತದೆ, ನಡುವೆ ಮೀಸೆಯಿಲ್ಲದ ಒಂದು ಹಕ್ಕಿ, ಎಡಕ್ಕೆ ಮಸುಕಾಗಿ ಅದರ ಅಮ್ಮ.